ಬಡ್ತಿಯ ತಾರೀಖು ಯಾರ ಸೊತ್ತು?

ಪ್ರತಿವರ್ಷವೂ ಜನೆವರಿ 15ನೆಯ ತಾರೀಖಿನಂದು ದೇಶದಾದ್ಯಂತ ಸೈನ್ಯದಿನವನ್ನು ಆಚರಿಸುತ್ತಾರೆ. 1949ನೆಯ ಇಸವಿಯ ಆ ದಿನ ಕೊಡಗಿನವರಾದ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಜನರಲ್ ಸರ್ ರಾಯ್ ಬುಚರ್ ಅವರ ಕೈಯಿಂದ ಭಾರತದ ಸೇನಾಧಿಪತ್ಯವನ್ನು ವಹಿಸಿಕೊಂಡರೆಂಬುದು ನಮ್ಮ ವಾಚಕರಿಗೆ ಗೊತ್ತಿದ್ದ ಸಂಗತಿಯೇ. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಈ ತಾರೀಖನ್ನು ಬಾಯಿಪಾಠ ಮಾಡಿಸುವ ಉಪಾಧ್ಯಾಯರೂ ಅನೇಕರಿದ್ದಾರೆ. ಅದು ಯೋಗ್ಯವೇ ಸರಿ. ಆದರೆ ಅದೇ ಮಹನೀಯರ ಜೀವನದಲ್ಲಿ ಇನ್ನೊಂದು ತಾರೀಖು ಇದೆ. ಅದನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ. ಅದು 1920ನೆಯ ಇಸವಿಯ ಜುಲೈ 17. ಆ ದಿನ ಯಾವ ಕಾಳಗವೂ ನಡೆಯಲಿಲ್ಲ, ಯಾವ ಮೆರವಣಿಗೆಯೂ ಹೊರಡಲಿಲ್ಲ. ಒಂದು ಕಚೇರಿಯ ಕಾಗದದಲ್ಲಿ ಆ ದಿನವನ್ನು ಬೇಕೆಂದು ಆರಿಸಿ ಬರೆದರು, ಅಷ್ಟೇ. ಆ ಬರೆಹದ ಹಿಂದಿನ ಕಥೆಯನ್ನು ಹೇಳಿಯೇ ನಾವು ಇಂದಿನ ವಿಷಯಕ್ಕೆ ಬರುವೆವು.

ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ, ಭಾರತೀಯರಿಗೂ ರಾಜಸನದಿನ ಅಧಿಕಾರಿ ಪದವಿಯನ್ನು ಕೊಡತಕ್ಕದ್ದೆಂದು ಆಂಗ್ಲ ಸರಕಾರವು ಒಪ್ಪಿಕೊಂಡಾಗ, ಇಂದೂರಿನ ಡೇಲಿ ಕಾಲೇಜಿನಲ್ಲಿ ಒಂದು ತರಬೇತಿ ಶಾಲೆಯನ್ನು ತೆರೆದರು. ಕಾರ್ಯಪ್ಪನವರು ಅಲ್ಲಿಯ ಮೊದಲನೆಯ ತಂಡದವರು. 1919ನೆಯ ಇಸವಿಯ ಡಿಸೆಂಬರ 1ರಂದು ಉತ್ತೀರ್ಣರಾಗಿ ಹೊರಬಿದ್ದರು. ಅವರನ್ನು ಮೊದಲು ಕಳಿಸಿದ್ದು 88ನೆಯ ಕರ್ನಾಟಿಕ್ ಪದಾತಿದಳಕ್ಕೆ. (ಹೆಸರು ಕೇಳಿ ಹಿಗ್ಗಬೇಡಿರಿ, ಆಂಗ್ಲರ ಬಾಯಲ್ಲಿ ‘ಕರ್ನಾಟಿಕ್’ ಎಂದರೆ ಮದರಾಸಿನ ಕಡೆಯ ಸೀಮೆಯೇ ಹೊರತು ನಮ್ಮ ಕನ್ನಡನಾಡಲ್ಲ. ನಮ್ಮ ಹೆಸರು ಊರೆಲ್ಲ ತಿರುಗಿ ನಮಗೆ ಮಾತ್ರ ಸಿಗದೆ ಹೋದ ಕಾಲವದು.) ಹೊರಬಿದ್ದಾಗ ಅವರಿಗೆ ದೊರೆತದ್ದು ತಾತ್ಕಾಲಿಕ ಸನದು. ಕಾಯಂ ಸನದು ಕೈಗೆ ಬಂದದ್ದು 1922ನೆಯ ಇಸವಿಯ ಸೆಪ್ಟೆಂಬರ 9ರಂದು. ಅಂದರೆ ಎರಡೂ ಮುಕ್ಕಾಲು ವರ್ಷಗಳ ವಿಲಂಬ! ಅಷ್ಟರಲ್ಲಿ ಅವರು ಮೆಸೊಪೊಟೇಮಿಯದ ಸೇವೆಗೂ ಹೋಗಿದ್ದರು.

ಇಲ್ಲಿಯವರೆಗಿನದು ಕೇವಲ ಕಚೇರಿಯ ಸೋಮಾರಿತನವೆನ್ನಬಹುದು. ಮುಂದಿನದನ್ನು ಹಾಗೆನ್ನಲು ಬರುವಂತಿಲ್ಲ. ವಿಲಂಬವಾಯಿತೆಂಬುದು ಸರಕಾರಕ್ಕೂ ಗೊತ್ತಿದ್ದುದರಿಂದ ಸನದಿನ ತಾರೀಖನ್ನು ಹಿಂದಕ್ಕೆ ಎಳೆದರು. ಎಲ್ಲಿಯವರೆಗೆ? ತಾವಾಗಿ ಉತ್ತೀರ್ಣಗೊಳಿಸಿದ 1919ರ ಡಿಸೆಂಬರ 1ರವರೆಗೆ ಅಲ್ಲ. 1920ರ ಜುಲೈ 17ರವರೆಗೆ ಮಾತ್ರ. ಆ ವರ್ಷದ ಜುಲೈ 16ರಂದು ವಿಲಾಯತಿಯ ಸ್ಯಾಂಡ್‌ಹರ್ಸ್ಟ್ ಶಾಲೆಯ ಗೋರಾ ತರುಣರ ತಂಡವು ಹೊರಬಿದ್ದಿತ್ತು. ಇಂದೂರಿನ ಭಾರತೀಯನು ಆ ತಂಡದ ಕೊನೆಯವನಿಗಿಂತಲೂ ಒಂದು ದಿನ ಕಿರಿಯನಾಗಬೇಕು, ಇದೇ ಲೆಕ್ಕ! ಎರಡು ವರ್ಷ ಹಿಂದಕ್ಕೆ ನಡೆಯಬಲ್ಲ ಲೇಖನಿಯು ಇನ್ನು ಏಳೂವರೆ ತಿಂಗಳು ನಡೆಯಲಾರದೆ ಹೋಯಿತು. ತಾರೀಖನ್ನು ತಿದ್ದುವುದು ಅಶಕ್ಯವೆಂದು ಕಚೇರಿಯವರು ಹೇಳುವಾಗಲೆಲ್ಲ ನಮಗೆ ಈ ಲೇಖನಿಯ ನೆನಪಾಗುತ್ತದೆ. ತಿದ್ದಲು ಬರುವುದಿಲ್ಲವೆಂಬುದು ಎಂದೂ ನಿಜವಲ್ಲ. ಎಷ್ಟು ತಿದ್ದಬೇಕೆಂಬುದನ್ನು ತಾವೇ ನಿಶ್ಚಯಿಸಬೇಕೆಂಬುದು ಅವರ ಹಟ.

ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡಿರುವ ನಮ್ಮ ಕೆಲವು ವಾಚಕರು, ನಾಲ್ಕು ತಿಂಗಳು ಹೆಚ್ಚು ಕಡಿಮೆಯಾದರೆ ಏನು ಮುಳುಗಿತು ಎಂದು ಕೇಳಬಹುದು. ಅವರು ತಮ್ಮ ಓಣಿಯ ಶಾಲಾ ಮಾಸ್ತರರನ್ನು ಕೇಳಲಿ. ಸೇವಾ ಪುಸ್ತಕದಲ್ಲಿ ಒಂದು ತಾರೀಖು ತಪ್ಪು ಬಿದ್ದರೆ ವರ್ಷದ ವೇತನವೃದ್ಧಿ ತಪ್ಪುತ್ತದೆ, ಅದರಿಂದ ಮುಂದಿನದು ತಪ್ಪುತ್ತದೆ, ಕಡೆಗೆ ಪೆನ್ಶನ್ನಿನ ಲೆಕ್ಕವೂ ತಪ್ಪುತ್ತದೆಂಬುದನ್ನು ಅವರು ಬೆರಳೆಣಿಸಿ ಹೇಳುವರು. ಸೈನ್ಯದಲ್ಲಿ ಇದರ ತೊಡಕು ಇನ್ನೂ ಗಂಟುಗಂಟಾದದ್ದು. ಒಂದೇ ಪದವಿಯ ಇಬ್ಬರು ಒಂದೆಡೆ ಸೇರಿದರೆ ಯಾರ ಆಜ್ಞೆಯನ್ನು ಯಾರು ಪಾಲಿಸಬೇಕೆಂಬುದು ಹಿರಿತನದಿಂದ ನಿಶ್ಚಯವಾಗುತ್ತದೆ, ಹಿರಿತನವು ತಾರೀಖಿನಿಂದ. ಅದೂ ಅಲ್ಲದೆ, ಸೈನ್ಯದಲ್ಲಿ ನಿವೃತ್ತಿಯ ವಯಸ್ಸು ಎಲ್ಲರಿಗೂ ಒಂದೇ ಅಲ್ಲ. ಸಾಮಾನ್ಯ ದಳಗಳಲ್ಲಿ ಕರ್ನಲ್ಲನು 54ಕ್ಕೆ ಮನೆಗೆ ಹೋಗಬೇಕು. ಬ್ರಿಗೇಡಿಯರನಾದರೆ 56, ಮೇಜರ್ ಜನರಲ್ಲನಾದರೆ 58, ಲೆಫ್ಟಿನೆಂಟ್ ಜನರಲ್ಲನಾದರೆ 60. ಆದಕಾರಣ ಮೇಲಿನ ಪದವಿಯು ಆರು ತಿಂಗಳು ತಡವಾಗಿ ಬರುವುದೆಂದರೆ ಎಷ್ಟೋ ಸಲ ಅದು ಬಾರದೆಯೇ ಹೋಗುವುದೆಂದು ಅರ್ಥ. ಕಾಗದವು ಮೇಜಿನ ಮೇಲೆ ಮಲಗಿದ್ದಾಗ ಮನುಷ್ಯನ ವಯಸ್ಸು ಮಲಗಿರುವುದಿಲ್ಲ. 2006ಕ್ಕೆ ಮೊದಲಂತೂ ಒಂದು ಪದವಿಯ ಪೆನ್ಶನ್ನು ಸಿಗಬೇಕಾದರೆ ಆ ಪದವಿಯಲ್ಲಿ ಹತ್ತು ತಿಂಗಳು ಇದ್ದಿರಬೇಕೆಂಬ ನಿಬಂಧನೆಯಿತ್ತು. ಹತ್ತನೆಯ ತಿಂಗಳು ಕಚೇರಿಯ ಉದರದಲ್ಲಿ ಜೀರ್ಣವಾಗಿ ಹೋದರೆ ಸಾಯುವವರೆಗೂ ಕೆಳಗಿನ ಪೆನ್ಶನ್ನೇ ಗತಿ.

ಎಲ್ಲ ಬಡ್ತಿಗಳೂ ಒಂದೇ ಬಗೆಯವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 2004ನೆಯ ಇಸವಿಯ ಡಿಸೆಂಬರ 16ರಿಂದ ಜಾರಿಗೆ ಬಂದ ಕ್ರಮದಂತೆ ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರು ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಎಂದು ಕಾಲದಿಂದಲೇ ಬರುವ ಪದವಿಗಳು ಕೆಲವು. ಅಲ್ಲಿ ಯೋಗ್ಯತೆ ಸರಿಯಿದ್ದವನ ತಾರೀಖು ಪಂಚಾಂಗದಷ್ಟೇ ನಿಶ್ಚಿತ. ತಡಮಾಡಲು ಕಾರಣವೇ ಇಲ್ಲ. ಆಯ್ಕೆಯ ಮಂಡಲಿಯ ಮುಂದೆ ಹೋಗಿ ಬರಬೇಕಾದ ಕರ್ನಲ್ ಮುಂತಾದ ಪದವಿಗಳ ಮಾತು ಬೇರೆ. ಅಲ್ಲಿ ಸ್ಥಾನಗಳು ಸ್ವಲ್ಪ, ಸ್ಪರ್ಧೆ ಬಹಳ. ಆದರೆ ಅನ್ಯಾಯವೆಲ್ಲ ಈ ಎರಡನೆಯ ಜಾಗದಲ್ಲಿಯೇ ಸೇರಿಕೊಳ್ಳುವುದು. ಏಕೆಂದರೆ ಮಂಡಲಿಯು ಎಂದು ಕೂಡಬೇಕು, ಯಾರ ಕಾಗದಗಳನ್ನು ಎಂದಿನವರೆಗೆ ನೋಡಬೇಕು ಎಂಬುದೆಲ್ಲ ಕಚೇರಿಯ ಕೈಯೊಳಗಿನದು.

ಗೋರಾ ಸರಕಾರ ಹೋಯಿತು, ಈಗ ನಮ್ಮದೇ ಸರಕಾರ, ಹಳೆಯ ಗಾಯವನ್ನೇಕೆ ಕೆದಕುವಿರೆಂದು ನಮ್ಮನ್ನು ಕೇಳುವವರಿಗೆ ನಾವು ಸ್ತ್ರೀ ಅಧಿಕಾರಿಗಳ ವೃತ್ತಾಂತವನ್ನು ತೋರಿಸುತ್ತೇವೆ. ಸೈನ್ಯವು 1992ರಲ್ಲಿ ಅವರನ್ನು ಸೇರಿಸಿಕೊಂಡಿತು, ಆದರೆ ಅಲ್ಪಾವಧಿಯ ಸೇವೆಗೆ ಮಾತ್ರ. ಕಾಯಂ ಸನದು ಕೊಡಬೇಕೆಂದು ದಿಲ್ಲಿಯ ಹೈಕೋರ್ಟು 2010ರ ಮಾರ್ಚ 12ರಂದು ತೀರ್ಪು ಕೊಟ್ಟಿತು. ಸರಕಾರವು ಮೇಲಿನ ಕೋರ್ಟಿಗೆ ಹೋಯಿತು. ಹೈಕೋರ್ಟಿನ ತೀರ್ಪಿಗೆ ತಡೆಯಿಲ್ಲವೆಂದು ಸುಪ್ರೀಮ ಕೋರ್ಟು 2011ರ ಸೆಪ್ಟೆಂಬರದಲ್ಲಿ ಸ್ಪಷ್ಟವಾಗಿ ಹೇಳಿದರೂ ಆಜ್ಞೆಯು ಜಾರಿಗೆ ಬರಲಿಲ್ಲ. ಕೊನೆಗೆ 2020ರ ಫೆಬ್ರುವರಿ 17ರಂದು ಸುಪ್ರೀಮ ಕೋರ್ಟು ಬಬಿತಾ ಪುನಿಯಾ ಅವರ ಖಟ್ಲೆಯಲ್ಲಿ ಅದೇ ತೀರ್ಪನ್ನು ಎತ್ತಿಹಿಡಿಯಿತು. ಹತ್ತು ವರ್ಷ! ಇಷ್ಟಕ್ಕೂ ಮುಗಿಯಲಿಲ್ಲ. ಈಗ ಪರೀಕ್ಷೆಗೆ ಕರೆದು, ಇಪ್ಪತ್ತು ವರ್ಷ ದುಡಿದು ನಾಲ್ವತ್ತು ದಾಟಿದ ಹೆಂಗಸರಿಗೆ ತರುಣರ ದೇಹದಾರ್ಢ್ಯದ ಅಳತೆಗೋಲನ್ನು ಹಿಡಿದರು. ಗಂಡಸರಿಗೆ ಈ ಪರೀಕ್ಷೆ ಐದನೆಯ ಇಲ್ಲವೆ ಹತ್ತನೆಯ ವರ್ಷದ ಸೇವೆಯಲ್ಲಿ ಆಗಿಹೋಗಿತ್ತು. 2021ರ ಮಾರ್ಚ 25ರಂದು ನಿತಿಷಾ ಅವರ ಖಟ್ಲೆಯಲ್ಲಿ ಸುಪ್ರೀಮ ಕೋರ್ಟು ಇದು ಪರೋಕ್ಷವಾದ ಪಕ್ಷಪಾತವೆಂದು ಹೇಳಿ, ಆ ಹೆಂಗಸರ ಸೇವೆಯ ತಕ್ಕ ವರ್ಷಕ್ಕೆ ಅಳತೆಯನ್ನು ಒಯ್ದು ನೋಡಬೇಕೆಂದು ವಿಧಿಸಿತು. ನ್ಯಾಯಾಧೀಶರು ಮಾಡಿದ್ದು ತಾರೀಖಿನ ತಿದ್ದುಪಡಿಯನ್ನೇ. ಕಚೇರಿಯು ವಿಲಂಬ ಮಾಡಿ, ಆ ವಿಲಂಬದಿಂದ ಬಂದ ಮುಪ್ಪನ್ನೇ ದೋಷವೆಂದು ಎಣಿಸಬಾರದೆಂಬುದು ಇದರ ತಾತ್ಪರ್ಯ.

ಕಾಯಂ ಸನದು ಬಂದ ಮೇಲೆ ಕರ್ನಲ್ ಪದವಿಯ ಸರದಿ. ತಮಗಿಂತ ಕಿರಿಯರಾದ ಗಂಡಸರನ್ನು ಮೊದಲು ಪರಿಗಣಿಸುತ್ತಿರುವರೆಂದು 34 ಜನ ಸ್ತ್ರೀ ಅಧಿಕಾರಿಗಳು 2022ರಲ್ಲಿ ಮತ್ತೆ ಸುಪ್ರೀಮ ಕೋರ್ಟಿನ ಬಾಗಿಲಿಗೆ ಹೋಗಬೇಕಾಯಿತು. 2023ರ ಜನೆವರಿಯಲ್ಲಿ ವಿಶೇಷ ಮಂಡಲಿ ಕೂಡಿತು. 108 ಸ್ಥಾನಗಳಿಗೆ 244 ಜನರನ್ನು, 1992ರಿಂದ 2006ರವರೆಗೆ ಸೇರಿದವರನ್ನು, ಒಂದೇ ಸಲಕ್ಕೆ ತೂಗಿದರು. ಹದಿನಾಲ್ಕು ವರ್ಷಗಳ ಅಂತರದಲ್ಲಿ ಸೇರಿದವರು ಒಂದೇ ಸಲಕ್ಕೆ ಒಂದೇ ಬಾಗಿಲೊಳಗೆ ನುಗ್ಗಬೇಕಾದದ್ದೇ ಹಿಂದಿನ ವಿಲಂಬಕ್ಕೆ ಸಾಕ್ಷಿ. ಅಲ್ಲಿಯೂ ಗುಪ್ತ ವರದಿಗಳನ್ನು ಎಲ್ಲಿಯವರೆಗೆ ನೋಡಬೇಕೆಂಬುದರಲ್ಲಿ ಮನಬಂದಂತೆ ಗೆರೆ ಎಳೆದುದನ್ನು ಕಂಡು, ಸುಪ್ರೀಮ ಕೋರ್ಟು ಅದೇ ವರ್ಷದ ನವೆಂಬರ 3ರಂದು ಕಟುವಾದ ಮಾತುಗಳಿಂದ ಸೈನ್ಯದ ಅಧಿಕಾರಿಗಳನ್ನು ಎಚ್ಚರಿಸಿ, ಹದಿನೈದು ದಿನದೊಳಗೆ ಬಿಟ್ಟುಹೋದವರಿಗಾಗಿ ಮತ್ತೆ ಮಂಡಲಿ ಕೂಡಿಸಬೇಕೆಂದು ಆಜ್ಞಾಪಿಸಿತು. ಮೂರು ವರ್ಷ ಎಂಟು ತಿಂಗಳಲ್ಲಿ ಮೂರು ಸಲ ದೇಶದ ಅತ್ಯುಚ್ಚ ನ್ಯಾಯಾಸನವು ಅದೇ ಜನರಿಗಾಗಿ ಅದೇ ಮಾತನ್ನು ಹೇಳಬೇಕಾಯಿತು. ಇದರಲ್ಲಿ ಪರಕೀಯರ ಕೈವಾಡವೇನೂ ಇಲ್ಲ.

ಈ ಹೆಂಗಸರು ಗುಂಪಾಗಿ ನಿಂತರು, ಗೆದ್ದರು. ಒಬ್ಬಂಟಿ ಅಧಿಕಾರಿಯ ಗತಿಯೇನು? ಅವನು 1950ರ ಸೈನ್ಯ ಕಾಯದೆಯ 27ನೆಯ ಕಲಮಿನಂತೆ ಕೇಂದ್ರ ಸರಕಾರಕ್ಕೆ ತಕರಾರು ಬರೆದುಕೊಳ್ಳಬೇಕು. ಬರೆದುಕೊಂಡು ಆರು ತಿಂಗಳವರೆಗೆ ಉತ್ತರಕ್ಕಾಗಿ ಕಾಯಬೇಕು. ಉತ್ತರ ಬಾರದಿದ್ದರೆ, 2007ರ ಕಾಯದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಲಿಗೆ ಹೋಗಬಹುದು. ವಿಲಂಬದ ವಿರುದ್ಧ ಫಿರ್ಯಾದಿ ಮಾಡಲು ಮತ್ತೆ ಅರ್ಧ ವರ್ಷದ ವಿಲಂಬ! ಆ ಮಂಡಲಿಯ ಪೀಠವಾದರೂ ಹತ್ತಿರವಿದೆಯೇ? ಚೆನ್ನೈ, ಮುಂಬಯಿ, ಕೊಚ್ಚಿಗಳಲ್ಲಿ ಪೀಠಗಳಿವೆ; ಕರ್ನಾಟಕವನ್ನು ಕೊಚ್ಚಿಯ ವ್ಯಾಪ್ತಿಗೆ ಹಚ್ಚಿದ್ದಾರೆ. ಇಬ್ಬರು ಮಹಾ ಸೇನಾನಿಗಳನ್ನು, ಕಾರ್ಯಪ್ಪನವರನ್ನೂ ತಿಮ್ಮಯ್ಯನವರನ್ನೂ, ದೇಶಕ್ಕೆ ಕೊಟ್ಟ ಕೊಡಗಿನ ನಿವೃತ್ತನೊಬ್ಬನು, ಬೆಳಗಾವಿಯ ಮರಾಠಾ ಪಲ್ಟನಿನ ಕೇಂದ್ರದಲ್ಲಿ ಆಯುಷ್ಯ ಕಳೆದವನೊಬ್ಬನು, ತನ್ನ ಒಂದು ತಾರೀಖಿಗಾಗಿ ಕೇರಳದ ಕಡಲತೀರಕ್ಕೆ ಹೋಗಬೇಕು. ನಮ್ಮ ನಾಡು ಚೂರುಚೂರಾಗಿದ್ದ ಕಾಲದಲ್ಲಿ ಧಾರವಾಡದವನು ಮುಂಬಯಿಗೆ, ಬಳ್ಳಾರಿಯವನು ಮದರಾಸಿಗೆ, ಕಲಬುರ್ಗಿಯವನು ಹೈದರಾಬಾದಿಗೆ ನ್ಯಾಯ ಕೇಳಲು ಹೋಗುತ್ತಿದ್ದುದನ್ನು ಇದು ನೆನಪಿಗೆ ತರುತ್ತದೆ.

ಇನ್ನು ಹಣದ ಮಾತು. ತಾರೀಖನ್ನು ತಿದ್ದಿದರೂ ಅದನ್ನು ‘ಕಾಲ್ಪನಿಕ ಬಡ್ತಿ’ ಎಂದು ಕರೆದು ಹಿಂಬಾಕಿಯನ್ನು ಕೊಡದಿರುವ ಸಂಪ್ರದಾಯವೊಂದು ಕಚೇರಿಗಳಲ್ಲಿದೆ. ಕೆಲಸ ಮಾಡದಿದ್ದ ಕಾಲಕ್ಕೆ ಪಗಾರ ಹೇಗೆ ಕೊಡುವುದೆಂದು ಅವರ ವಾದ. 1991ರಲ್ಲಿ ಜಾನಕಿರಾಮನ್ ಎಂಬವರ ಖಟ್ಲೆಯಲ್ಲಿ ಸುಪ್ರೀಮ ಕೋರ್ಟು ಈ ವಾದದ ಮಿತಿಯನ್ನು ತೋರಿಸಿಯೇ ಬಿಟ್ಟಿದೆ: ದುಡಿಯಲು ಸಿದ್ಧನಿದ್ದವನನ್ನು ಅವನ ತಪ್ಪಿಲ್ಲದೆ ಅಧಿಕಾರಿಗಳೇ ದೂರ ಇಟ್ಟಾಗ ಆ ಸೂತ್ರವು ಅನ್ವಯಿಸುವುದಿಲ್ಲ. ಅದು ಸಿವಿಲ್ ನೌಕರರ ಖಟ್ಲೆಯಾದರೂ ಯುಕ್ತಿಯು ಎಲ್ಲರಿಗೂ ಒಂದೇ. ಮೇಲಿನವರಿಗಾದರೂ ಬೇಗ ಸಿಗುತ್ತದೆಂದು ತಿಳಿಯಬೇಡಿರಿ. 1973ರಲ್ಲಿ ಫೀಲ್ಡ್ ಮಾರ್ಶಲ್ ಪದವಿಗೇರಿದ ಮಾಣಿಕ್‌ಶಾ ಅವರಿಗೆ ಆ ಪದವಿಯ ಪೂರ್ಣ ಸಂಬಳದ ಹಿಂಬಾಕಿ, ಒಂದು ಕೋಟಿ ರೂಪಾಯಿಗೂ ಮಿಕ್ಕ ಮೊತ್ತ, ದೊರೆತದ್ದು ಮೂವತ್ತು ವರ್ಷಗಳ ಮೇಲೆ, ರಾಷ್ಟ್ರಪತಿ ಅಬ್ದುಲ್ ಕಲಾಮರು ತಾವೇ ಲಕ್ಷ್ಯಹಾಕಿದ ಬಳಿಕ. ಪಾಕಿಸ್ತಾನದ ಸೈನ್ಯವನ್ನು ಹದಿಮೂರು ದಿನದಲ್ಲಿ ಶರಣು ಬರಿಸಿದ ಸೇನಾನಿಗೆ ಲೆಕ್ಕದ ದಫ್ತರವು ಮೂರು ದಶಕ ಶರಣು ಬರಲಿಲ್ಲ!

ಸಾಮಾನ್ಯನೊಬ್ಬನು ಗೆದ್ದರೆ ಏನಾಗುತ್ತದೆಂಬುದಕ್ಕೆ ಮೇಜರ್ ಧನಪಾಲನ್ ಅವರ ಖಟ್ಲೆಯನ್ನು ನೋಡಿರಿ. ಅದು ತಾರೀಖಿನದಲ್ಲ, 1986ರ ಜನೆವರಿ 1ರಿಂದ ಪದವಿಯ ವೇತನವನ್ನು ಮೂಲವೇತನದಲ್ಲಿ ಕಳೆದುಬಿಟ್ಟ ತಪ್ಪು ಲೆಕ್ಕದ್ದು. ಕೇರಳ ಹೈಕೋರ್ಟು 1998ರಲ್ಲಿ ಅವರ ಪಕ್ಷಕ್ಕೆ ತೀರ್ಪು ಕೊಟ್ಟಿತು. ಅದೇ ತಪ್ಪು ಲೆಕ್ಕಕ್ಕೆ ಸಿಕ್ಕ ಉಳಿದ ಸಾವಿರಾರು ಅಧಿಕಾರಿಗಳಿಗೂ ಅಂದೇ ಕೊಡಬಹುದಾಗಿತ್ತು. ಕೊಡಲಿಲ್ಲ, ಸುಪ್ರೀಮ ಕೋರ್ಟು 2010ರಲ್ಲಿ ಎಲ್ಲರಿಗೂ ಕೊಡಿರೆಂದು ಹೇಳಬೇಕಾಯಿತು, 2012ರಲ್ಲಿ ಮತ್ತೊಮ್ಮೆ ಹೇಳಬೇಕಾಯಿತು. ಬೇಡಿದವನಿಗೆ ಮಾತ್ರ ಕೊಡುವುದು ಭಿಕ್ಷೆಯ ಕ್ರಮ; ಸರಕಾರದ ಖಜಾನೆಗೆ ಅದು ಭೂಷಣವಲ್ಲ.

ಅನ್ಯದೇಶದ ಒಂದು ಉದಾಹರಣೆಯನ್ನು ಕೊಡುತ್ತೇವೆ. ಅಮೆರಿಕದ ನ್ಯಾಶನಲ್ ಗಾರ್ಡ್ ಎಂಬ ಪಡೆಯಲ್ಲಿ ಅಧಿಕಾರಿಗೆ ಬಡ್ತಿಯನ್ನು ಮೊದಲು ಅವನ ಪ್ರಾಂತವೇ ಕೊಡುತ್ತದೆ. ಆಮೇಲೆ ಕೇಂದ್ರದ ಮಾನ್ಯತೆ ಬರಬೇಕು. ಆ ಕಾಗದವು ತಿಂಗಳುಗಟ್ಟಲೆ ಅಲೆದಾಡುತ್ತದೆಂದು ಅಲ್ಲಿಯೂ ಬಹಳ ಕೂಗೆದ್ದಿತು. ಅಧಿಕಾರಿಯ ಕೃತಿಯಿಂದಲ್ಲದೆ ಈ ಮಾನ್ಯತೆಗೆ 100 ದಿನಗಳಿಗಿಂತ ಹೆಚ್ಚು ತಡವಾದರೆ, ತಾರೀಖನ್ನು ಹಿಂದಕ್ಕೆ, ಪ್ರಾಂತವು ಬಡ್ತಿ ಕೊಟ್ಟ ದಿನವನ್ನು ಮೀರದಂತೆ, ಸರಿಸಬಹುದೆಂದು ಅವರ ಶಾಸನಸಭೆಯು ಕಾಯದೆಯಲ್ಲಿಯೇ ಬರೆದಿಟ್ಟಿದೆ. ‘ಸರಿಸಬಹುದು’ ಎಂದಿದೆ, ‘ಸರಿಸತಕ್ಕದ್ದು’ ಎಂದಿಲ್ಲ. ಆದುದರಿಂದ ಅದನ್ನು ನಾವು ಪೂರ್ಣ ಮೆಚ್ಚಲಾರೆವು. ಆದರೂ ವಿಲಂಬಕ್ಕೆ ಒಂದು ಗೆರೆಯುಂಟು, ಆ ಗೆರೆಯಾಚೆ ತಪ್ಪು ಯಾರದೆಂಬ ವಿಚಾರವುಂಟು ಎಂಬಷ್ಟನ್ನು ಕಾಯದೆಯ ಬಾಯಿಂದ ಹೇಳಿಸಿರುವುದು ಸಣ್ಣ ಮಾತಲ್ಲ. ಅಲ್ಲಿ ಸೈನಿಕರ ದಾಖಲೆಗಳ ತಪ್ಪನ್ನು ತಿದ್ದುವುದಕ್ಕೆಂದೇ 1946ರ ಕಾಯದೆಯಿಂದ ಬೇರೆ ಮಂಡಲಿಗಳೂ ಏರ್ಪಟ್ಟಿವೆ.

ಕರ್ನಾಟಕದ ಏಕೀಕರಣಕ್ಕೆ ಲೇಖನಿ ಹಿಡಿದವರು ಈ ವಿಷಯದಲ್ಲಿ ಇಷ್ಟು ಬೇಗುದಿಗೊಳ್ಳುವುದೇಕೆಂದು ಕೇಳಿದರೆ ನಮ್ಮ ಉತ್ತರ ಸಿದ್ಧವಿದೆ. 1956ರ ನವೆಂಬರ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ನೌಕರರು ಒಂದು ಪ್ರಾಂತದ ಚಾಕರಿಗೆ ಬಂದರು. ನೆಲವು ಒಂದು ದಿನದಲ್ಲಿ ಕೂಡಿತು. ಹಿರಿತನದ ಯಾದಿಗಳು ವರ್ಷಗಟ್ಟಲೆ ಕೂಡಲಿಲ್ಲ. ರಾಜ್ಯ ಪುನರ್ವಿಂಗಡಣೆಯ ಕಾಯದೆಯ 115ನೆಯ ಕಲಮಿನಲ್ಲಿ ಎಲ್ಲರಿಗೂ ನ್ಯಾಯವಾದ ನಡಾವಳಿ ದೊರೆಯಬೇಕೆಂದು ಬರೆದಿತ್ತು. ಆದರೂ ತಾತ್ಕಾಲಿಕ ಯಾದಿ, ಅದಕ್ಕೆ ತಕರಾರು, ಮತ್ತೊಂದು ಯಾದಿ, ಕೋರ್ಟಿನ ಮೆಟ್ಟಿಲು ಎಂದು ಅಲೆಯುತ್ತಲೇ ಎಷ್ಟೋ ಜನರು ನಿವೃತ್ತರಾದರು. ನಾಡು ಒಂದಾದುದರ ಹರ್ಷದಲ್ಲಿಯೂ ಒಬ್ಬ ಕಾರಕೂನನ ಮನೆಯಲ್ಲಿ ಒಂದು ತಾರೀಖಿನ ದುಃಖವಿತ್ತು. ಅದನ್ನು ಕಂಡವರು ಸೈನಿಕನ ತಾರೀಖನ್ನು ಕ್ಷುಲ್ಲಕವೆನ್ನಲಾರರು.

ಎದುರು ಪಕ್ಷದ ಮಾತನ್ನೂ ನಾವು ಕೇಳದೆ ಬಿಟ್ಟಿಲ್ಲ. ಬಡ್ತಿಯು ಹಕ್ಕಲ್ಲ, ಬಡ್ತಿಗಾಗಿ ಪರಿಗಣಿಸಲ್ಪಡುವುದಷ್ಟೇ ಹಕ್ಕು ಎಂದು ನ್ಯಾಯಾಲಯಗಳು ಹೇಳಿವೆ, ಒಪ್ಪಿದೆವು. ಸ್ಥಾನವು ತೆರವಾದ ದಿನದಿಂದಲೇ ಬಡ್ತಿ ಸಲ್ಲಬೇಕೆಂದು ಕೇಳಲು ಬರುವುದಿಲ್ಲವೆಂದೂ ಹೇಳಿವೆ, ಅದನ್ನೂ ಒಪ್ಪಿದೆವು. ಶಿಸ್ತಿನ ವಿಚಾರಣೆ ನಡೆದವನ ಬಡ್ತಿ ತಡೆದರೆ ನಮ್ಮ ತಂಟೆಯಿಲ್ಲ. ತನ್ನ ಕಾಗದವನ್ನು ತಾನೇ ಕಳಿಸದೆ ಹತ್ತು ವರ್ಷ ನಿದ್ದೆ ಹೋದವನಿಗಾಗಿಯೂ ನಾವು ವಕಾಲತ್ತು ವಹಿಸುವುದಿಲ್ಲ. ಆದರೆ ಆಯ್ಕೆಯಾದ ಮೇಲೆ ಆಜ್ಞೆಯು ಹೊರಡದೆ ಬಿದ್ದಿದ್ದರೆ, ಅಥವಾ ಕಚೇರಿಯ ತಪ್ಪಿನಿಂದ ಒಬ್ಬನ ಹೆಸರು ಬಿಟ್ಟುಹೋಗಿ ಕಿರಿಯನು ಮುಂದೆ ಹೋಗಿದ್ದರೆ, ಆ ಕಿರಿಯನು ಏರಿದ ದಿನದಿಂದಲೇ ಇವನ ತಾರೀಖನ್ನು ಹಿಡಿಯಬೇಕೆಂಬುದು ಸೇವಾನಿಯಮಗಳಲ್ಲಿ ಹಳೆಯ ಮಾತು. ಹೊಸದಾಗಿ ನಾವೇನೂ ಬೇಡುತ್ತಿಲ್ಲ. ಹಾಗೆ ಮಾಡಿದರೆ ಉಳಿದವರ ಹಿರಿತನ ಕೆಡುತ್ತದೆಂಬ ಆಕ್ಷೇಪವೂ ನಿಲ್ಲದು. ಅವರು ಅನುಭವಿಸಿದ್ದು ಬೇರೊಬ್ಬನ ಸ್ಥಾನವೆಂದ ಬಳಿಕ, ಅವರ ಪದವಿಯನ್ನು ಕಿತ್ತುಕೊಳ್ಳದೆ ಇವನಿಗೆ ಅಧಿಕ ಸ್ಥಾನವೊಂದನ್ನು ಹುಟ್ಟಿಸಿದರಾಯಿತು. ಅದಕ್ಕೆ ಬೇಕಾಗುವುದು ಸ್ವಲ್ಪ ಹಣ. ಕೆಟ್ಟ ಹೆಸರನ್ನು ತೊಳೆಯಲು ಆ ಹಣವು ಹೆಚ್ಚಲ್ಲ.

ರಕ್ಷಣಾ ಮಂತ್ರಾಲಯವು ಮಾಡತಕ್ಕದ್ದು ಇದು: ಬಡ್ತಿಯ ಪ್ರತಿಯೊಂದು ಆಜ್ಞೆಯಲ್ಲಿ ಅದು ಸಲ್ಲಬೇಕಾಗಿದ್ದ ದಿನವನ್ನೂ ಹೊರಟ ದಿನವನ್ನೂ ಒಂದರ ಕೆಳಗೊಂದು ಬರೆಯಲಿ. ಎರಡರ ನಡುವೆ ಇಂತಿಷ್ಟು ದಿನ ಮೀರಿದರೆ, ತಪ್ಪು ಅಧಿಕಾರಿಯದೆಂದು ತೋರಿಸುವ ಭಾರವು ಕಚೇರಿಯ ಮೇಲಿರಲಿ. ತೋರಿಸಲಾರದಿದ್ದರೆ ಅರ್ಜಿಯಿಲ್ಲದೆಯೇ ತಾರೀಖು ಹಿಂದಕ್ಕೆ ಸರಿಯಲಿ, ಹಿಂಬಾಕಿಯೂ ಅದರ ಜತೆಗೇ ಬರಲಿ. ಒಬ್ಬನಿಗೆ ತಿದ್ದಿದ ತಪ್ಪನ್ನು ಅದೇ ಸ್ಥಿತಿಯಲ್ಲಿರುವ ಎಲ್ಲರಿಗೂ ತಿದ್ದಲಿ. ನ್ಯಾಯಮಂಡಲಿಯ ಪೀಠವೊಂದು ಬೆಂಗಳೂರಿನಲ್ಲಿ ಕೂಡಲಿ.

ಕರ್ನಾಟಕದಿಂದ ಲೋಕಸಭೆಗೆ 28 ಜನ ಸದಸ್ಯರು ಹೋಗುತ್ತಾರೆ. ಬರುವ ಅಧಿವೇಶನದಲ್ಲಿ ಅವರಲ್ಲೊಬ್ಬರಾದರೂ ಎದ್ದು, ಹಿಂದಿನ ಐದು ವರ್ಷಗಳಲ್ಲಿ ಸೈನ್ಯಾಧಿಕಾರಿಗಳ ಎಷ್ಟು ಬಡ್ತಿಯ ಆಜ್ಞೆಗಳು ತಡವಾಗಿ ಹೊರಟವು, ಎಷ್ಟು ದಿನ ತಡವಾದವು, ಅವುಗಳಲ್ಲಿ ಎಷ್ಟನ್ನು ಕೋರ್ಟಿಗೆ ಹೋಗದೆ ತಿದ್ದಲಾಯಿತು ಎಂದು ಪ್ರಶ್ನೆ ಹಾಕಲಿ. ಬಂದ ಉತ್ತರವನ್ನು ಅಂಕೆಸಂಖ್ಯೆಗಳೊಡನೆ ಈ ಪತ್ರಿಕೆಯಲ್ಲಿ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ.